ಸಾವಿರ ಕಿಲೋಮೀಟರ್ ಮೆಲ್ಲಗೆ

ನನ್ನ ಎಡಗಾಲಿನ ಬಗ್ಗೆ ನಮ್ಮ ಮನೆಯಲ್ಲಿ ಒಂದು ತೀರ್ಪಿತ್ತು. ಅದು ಕ್ಲಚ್ ತುಳಿಯಲು ಲಾಯಕ್ಕಾದ ಕಾಲಲ್ಲ ಅಂತ. ಮದುವೆಯಾದ ಹೊಸದರಲ್ಲಿ ಬಂದ ತೀರ್ಪು. ಕೊಟ್ಟವರು ನನ್ನ ಗಂಡ, ಸಾಕ್ಷಿ ಹೇಳಿದವರೂ ಅವರೇ, ಮೇಲ್ಮನವಿ ಕೇಳಬೇಕಾದವರೂ ಅವರೇ. ಹಾಗಾಗಿ ನಾನು ಬಾಯಿ ಮುಚ್ಚಿಕೊಂಡಿದ್ದೆ. ಮುಚ್ಚಿಕೊಂಡಿದ್ದೆ ಅಂದರೆ, ವರ್ಷಕ್ಕೆ ಒಂದೆರಡು ಸಲ ಚೆನ್ನಾಗಿ ಜಗಳ ಆಡಿ ಆಮೇಲೆ ಮುಚ್ಚಿಕೊಳ್ಳುತ್ತಿದ್ದೆ.

ಆಗಿದ್ದಾದರೂ ಏನು ಮಹಾ? ನಾನು ಮದುವೆಗೆ ಮುಂಚೆಯೇ ಡ್ರೈವಿಂಗ್ ಸ್ಕೂಲಿಗೆ ಹೋಗಿ ಲೈಸೆನ್ಸ್ ತೆಗೆದುಕೊಂಡವಳು. ಮದುವೆಯಾದ ಮೇಲೆ ಒಂದು ಸಂಜೆ ಮಾವನವರ ಹಳೇ ಕಾರನ್ನು ಅಗ್ರಹಾರದ ಒಂದು ಓಣಿಯಲ್ಲಿ ಓಡಿಸಲು ನನ್ನ ಗಂಡ ದೊಡ್ಡ ಮನಸ್ಸು ಮಾಡಿ ಕೊಟ್ಟರು. ಎದುರಿಗೊಂದು ಹಸು ಬಂತು. ನಾನು ಬ್ರೇಕ್ ತುಳಿದೆ, ಕ್ಲಚ್ ತುಳಿಯುವುದು ಮರೆತೆ, ಗಾಡಿ ಗಕ್ಕನೆ ನಿಂತು ಆಫ್ ಆಯಿತು. ಹಸುವಿಗೆ ಏನೂ ಆಗಲಿಲ್ಲ, ಗಾಡಿಗೂ ಏನೂ ಆಗಲಿಲ್ಲ. ಆದದ್ದೆಲ್ಲ ನನ್ನ ಗಂಡನ ಮರ್ಯಾದೆಗೆ. ಅಂಗಡಿ ಮುಂದೆ ನಿಂತಿದ್ದ ಇಬ್ಬರು ನಕ್ಕಿದ್ದರು. ಅವತ್ತಿನಿಂದ ನಮ್ಮ ಮನೆಗೆ ಬಂದ ಎಲ್ಲ ಕಾರುಗಳನ್ನೂ ನನ್ನ ಎಡಗಾಲಿನಿಂದ ಕಾಪಾಡಲಾಯಿತು. ಲೈಸೆನ್ಸ್ ಮಾತ್ರ ಬೀರುವಿನಲ್ಲಿ ಸೀರೆಗಳ ನಡುವೆ ಕೂತು, ಒಂದು ಸಲ ರಿನ್ಯೂವಲ್ ಕೂಡ ಆಯಿತು.

ನನಗೆ ಕಾರಿನ ಹುಚ್ಚಿರಲಿಲ್ಲ. ಆದರೆ ಓಡಿಸಬೇಕು ಎಂಬ ಆಸೆ ಇತ್ತು, ಅದನ್ನು ಯಾಕೆ ಮುಚ್ಚಿಡಲಿ? ಮೈಸೂರಿನ ದಟ್ಟಗಳ್ಳಿಯ ನಮ್ಮ ಮನೆಯಿಂದ ಸರಸ್ವತಿಪುರಂಗೆ ದಿನಾ ಹೋಗುತ್ತೇನೆ, ಅಲ್ಲೊಂದು ಟ್ಯುಟೋರಿಯಲ್‌ನಲ್ಲಿ ಪಿಯುಸಿ ಮಕ್ಕಳಿಗೆ ಅಕೌಂಟೆನ್ಸಿ ಪಾಠ. ಬಸ್ಸಿಗೆ ಕಾದು, ಆಟೋದವರ ಜೊತೆ ಗುದ್ದಾಡಿ, ಬೆವರು ಸುರಿಸಿಕೊಂಡು ಕ್ಲಾಸಿಗೆ ಹೋಗುವಾಗಲೆಲ್ಲ, ನಾನೇ ಓಡಿಸಿಕೊಂಡು ಬಂದು, ನಾನೇ ನಿಲ್ಲಿಸಿ, ನಾನೇ ಬಾಗಿಲು ಹಾಕಿಕೊಂಡು ಇಳಿಯಬೇಕು ಅನ್ನಿಸುತ್ತಿತ್ತು. ಇಷ್ಟೇ ನನ್ನ ಆಸೆ. ಇದಕ್ಕೆ ಐವತ್ತು ದಾಟುವವರೆಗೆ ಕಾಯಬೇಕಾಯಿತು.

ಈಗ ಕಾರಿನ ವಿಷಯಕ್ಕೆ ಬರುತ್ತೇನೆ. ನನ್ನ ಗಂಡ ವಿಮಾ ಕಂಪನಿಯೊಂದರಲ್ಲಿ ಅಧಿಕಾರಿ. ಯಾರಾದರೂ ತಮ್ಮ ಗಾಡಿಗೆ ಕಂಪನಿಯವರು ಕೊಡದ ಒಂದು ಬೋಲ್ಟು ಹಾಕಿಸಿದ್ದರೂ ಕ್ಲೇಮು ತಳ್ಳಿಹಾಕುವುದು ಅವರ ಉದ್ಯೋಗ. ಅಂಥವರು ನಾಲ್ಕು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಟರ್ಬೊ ಕಾರು ತಂದರು. ವೇಗಕ್ಕೆಂದೇ ಮಾಡಿದ ಕಾರು, ಕೈಯಲ್ಲಿ ಗೇರು ಹಾಕುವಂಥದ್ದು. ಆಟೋಮ್ಯಾಟಿಕ್ ಯಾಕೆ ತರಲಿಲ್ಲ ಅಂದಿದ್ದಕ್ಕೆ, ಅದು ಕಾರಲ್ಲ ಲಿಫ್ಟು ಅಂದರು. ತಂದ ಮೇಲೆ ಅವರ ಮುಖವೇ ಬದಲಾಯಿತು. ಕನ್ನಡಿ ಮುಂದೆ ಹೊಟ್ಟೆ ಎಳೆದುಕೊಂಡು ನಿಲ್ಲುವುದು ಶುರುವಾಯಿತು. ಅಂಥದೇ ಕಾರಿಟ್ಟುಕೊಂಡ, ಅಂಥದೇ ಹೊಟ್ಟೆ ಇಟ್ಟುಕೊಂಡ ಗಂಡಸರ ಒಂದು ಗುಂಪು ಇವರನ್ನು ಸೇರಿಸಿಕೊಂಡಿತು. ಭಾನುವಾರ ಬೆಳಕು ಹರಿಯುವ ಮುಂಚೆ ರಿಂಗ್ ರೋಡಿನಲ್ಲಿ ಸೇರುವುದು, ಯಮವೇಗದಲ್ಲಿ ಎಲ್ಲೋ ಹೋಗಿ ಇಡ್ಲಿ ತಿನ್ನುವುದು, ಅದೇ ವೇಗದಲ್ಲಿ ವಾಪಸ್ ಬರುವುದು. ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಅಷ್ಟೇ ಒಳ್ಳೆ ಇಡ್ಲಿ ಸಿಗುತ್ತದೆ. ಆ ಹೊತ್ತಿಗೆ ನಾನೂ ನಮ್ಮತ್ತೆಯೂ ಆಟೋ ಹಿಡಿದು ಚರ್ಚಿಗೆ ಬೆಳಗಿನ ಪೂಜೆಗೆ ಹೋಗುತ್ತಿದ್ದೆವು. ಇವರು ಸಂಜೆ ಪೂಜೆಗೆ ಬರುತ್ತೇನೆ ಅನ್ನುತ್ತಿದ್ದರು, ಬರುತ್ತಿರಲಿಲ್ಲ.

ಕಾರು ಕಂಪನಿಯವರು ಕೊಟ್ಟ ಶಕ್ತಿ ಸಾಲದು ಅಂತ ಗುಂಪಿನಲ್ಲಿ ಯಾರೋ ಕಿವಿ ಊದಿದರು. ಇಂಜಿನ್ನಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ ಏನೋ ತಿದ್ದಿ ಶಕ್ತಿ ಹೆಚ್ಚಿಸಿಕೊಂಡು ಬಂದರು. ಶಕ್ತಿ ಹೆಚ್ಚಿದ್ದು ಇಂಜಿನ್ನಿಗೆ. ಅದನ್ನು ಚಕ್ರಕ್ಕೆ ಮುಟ್ಟಿಸಬೇಕಾದ ಕ್ಲಚ್ ಪಾಪ ಹಳೆಯದೇ. ಅದರ ಮೇಲೆ ಇವರ ಪೌರುಷ. ಸಿಗ್ನಲ್‌ನಲ್ಲಿ ಹಸಿರು ಬಿದ್ದರೆ ಸಾಕು, ಬೆನ್ನು ಸೀಟಿಗೆ ಅಂಟುವ ಹಾಗೆ ಎಗರಿಸುವುದು. ಒಂದು ದಿನ ನನ್ನನ್ನೂ ಅತ್ತೆಯನ್ನೂ ಕೂರಿಸಿಕೊಂಡು ಬೆಟ್ಟ ಹತ್ತುವಾಗ ಇಂಜಿನ್ ಹುಯ್ಲಿಡುತ್ತಿದೆ, ಗಾಡಿ ಮಾತ್ರ ಮುಂದಕ್ಕೆ ಹೋಗುತ್ತಿಲ್ಲ. ಹಿಂದೆ ಕೂತಿದ್ದ ಅತ್ತೆ ಮೂಗು ಮುಚ್ಚಿಕೊಂಡು, ಏನೋ ಸೀದ ವಾಸನೆ ಬರುತ್ತಿದೆ, ಸಾರಿನ ಒಲೆ ಆರಿಸಿ ಬಂದೆಯೇನಮ್ಮ ಅಂತ ನನ್ನನ್ನು ಕೇಳಿದರು. ಸೀದಿದ್ದು ಸಾರಲ್ಲ, ಕ್ಲಚ್. ಯಾವ ಕ್ಲಚ್ಚನ್ನು ನನ್ನ ಕಾಲಿನಿಂದ ಇಷ್ಟು ವರ್ಷ ಕಾಪಾಡಿದ್ದರೋ ಅದನ್ನು ಅವರೇ ತಮ್ಮ ಕಾಲಿನಿಂದ ಸುಟ್ಟಿದ್ದರು. ನಾನು ಒಂದು ಮಾತೂ ಆಡಲಿಲ್ಲ. ಆಡದೆ ಇರುವುದರಲ್ಲಿ ಅವತ್ತು ಸಿಕ್ಕಿದ ಸುಖ ಯಾವ ಜಗಳದಲ್ಲೂ ಸಿಕ್ಕಿರಲಿಲ್ಲ.

ಮಾಮೂಲಿ ಕ್ಲಚ್ ಹಾಕಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಗುಂಪಿನವರು ಬಿಡಬೇಕಲ್ಲ. ಇಷ್ಟು ಶಕ್ತಿಗೆ ಗಟ್ಟಿ ಕ್ಲಚ್ಚೇ ಬೇಕು, ಹೊರದೇಶದಿಂದ ತರಿಸಬೇಕು ಅಂದರು. ತರಿಸಿದರು. ಎಷ್ಟಾಯಿತು ಅಂತ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಪೆಟ್ಟಿಗೆ ಬಂದ ದಿನ ಅದನ್ನು ಊಟದ ಮೇಜಿನ ಮೇಲಿಟ್ಟು, ಒಳಗಿದ್ದ ದುಂಡನೆಯ ತಟ್ಟೆಯನ್ನು ಬಟ್ಟೆಯಲ್ಲಿ ಹಿಡಿದು ಎತ್ತಿ, ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದರು. ನಮ್ಮ ಮಗಳು ಹುಟ್ಟಿದಾಗ ಆಸ್ಪತ್ರೆಯಲ್ಲಿ ಅವಳನ್ನು ಎತ್ತಿಕೊಳ್ಳಲು ಹೆದರಿ ದೂರ ನಿಂತಿದ್ದ ಮನುಷ್ಯ ಇವರು. ಅತ್ತೆ ಬಂದು, ಅದನ್ನು ಇಳಿಸು, ಅನ್ನ ಬಡಿಸಬೇಕು ಅಂದರು.

ಗ್ಯಾರೇಜು ಊರಾಚೆ ಕೈಗಾರಿಕಾ ಪ್ರದೇಶದಲ್ಲಿ. ಗ್ಯಾರೇಜು ಅಂದರೆ ಅಲ್ಲಿಯವರಿಗೆ ಸಿಟ್ಟು ಬರುತ್ತದೆ, ಸ್ಟುಡಿಯೋ ಅನ್ನಬೇಕು. ಎಸಿ ರೂಮು, ಕಾಫಿ ಮೆಷಿನ್ನು, ಎಲ್ಲರಿಗೂ ಕಪ್ಪು ಟೀ ಶರ್ಟು, ನೆಲದ ಮೇಲೆ ಒಂದು ತೊಟ್ಟು ಎಣ್ಣೆ ಇಲ್ಲ. ಗೇರ್ ಬಾಕ್ಸ್ ಇಳಿಸಿ, ಹಳೇ ಕ್ಲಚ್ ತೆಗೆದು, ಹೊಸದು ಕೂರಿಸಲು ಒಂದು ವಾರ ಹಿಡಿಯಿತು. ಗಾಡಿ ತರುವ ದಿನ ನನ್ನನ್ನೂ ಅತ್ತೆಯನ್ನೂ ಕರೆದುಕೊಂಡು ಹೋದರು. ಇಂಥ ಮುಹೂರ್ತಕ್ಕೆ ನೋಡುವವರು ಬೇಕಲ್ಲ? ಹೋಗಿ ನೋಡಿದರೆ ಆ ಸ್ಟುಡಿಯೋದವರು ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು, ಬಾನೆಟ್ಟಿಗೆ ಕುಂಕುಮ ಹಿಡಿದುಕೊಂಡು ನಿಂತಿದ್ದಾರೆ. ಅತ್ತೆಯ ಕೊರಳಲ್ಲಿ ಶಿಲುಬೆ ಕಂಡ ಮೇಲೆ ಸ್ಟುಡಿಯೋ ಮಾಲೀಕರು ಸ್ವಲ್ಪ ತಡವರಿಸಿ, ನಿಮ್ಮಲ್ಲಿ ನಡೆಯುತ್ತಾ ಅಮ್ಮ ಅಂತ ಕೇಳಿದರು. ಇರಲಿ ಬಿಡಪ್ಪ, ನಾಳೆ ಫಾದರ್ ಹತ್ತಿರ ತೀರ್ಥ ಹಾಕಿಸುತ್ತೇವೆ, ಎರಡೂ ಇರಲಿ ಅಂದರು ಅತ್ತೆ. ನನ್ನ ಗಂಡ ಕೂತು, ಸ್ಟಾರ್ಟ್ ಮಾಡಿ, ಗೇರು ಹಾಕಿ, ಕ್ಲಚ್ ಬಿಟ್ಟರು. ಗಾಡಿ ಕಪ್ಪೆ ಹಾರಿದ ಹಾಗೆ ಒಂದು ಸಲ ಹಾರಿ, ನಾಲ್ಕೂ ಹಣ್ಣನ್ನು ಒಟ್ಟಿಗೆ ಚಚ್ಚಿ, ಆಫ್ ಆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅದೂ ಶಾಸ್ತ್ರದ ಒಂದು ಭಾಗ ಅಂದುಕೊಂಡರೋ ಏನೋ.

ಆಮೇಲೆ ಮಾಲೀಕರು ಕಾಫಿ ಕೊಟ್ಟು ಬಾಂಬು ಹಾಕಿದರು. ಈ ಕ್ಲಚ್ ಪಳಗುವವರೆಗೆ, ಅಂದರೆ ಸಾವಿರ ಕಿಲೋಮೀಟರ್ ಆಗುವವರೆಗೆ, ಎಗರಿಸಬಾರದು. ಇಂಜಿನ್ ಹೆಚ್ಚು ತಿರುಗಿಸಬಾರದು. ಯಾರನ್ನೂ ಹಿಂದೆ ಹಾಕಲು ಹೋಗಬಾರದು. ಹಾಗಂತ ಹೈವೇಗೆ ಹೋಗಿ ಒಂದೇ ದಿನ ಓಡಿಸಿ ಮುಗಿಸಿದರೆ ಅದು ಲೆಕ್ಕಕ್ಕಿಲ್ಲ, ಅಲ್ಲಿ ಕ್ಲಚ್ ತುಳಿಯುವುದೇ ಇಲ್ಲವಲ್ಲ. ಊರೊಳಗೇ ಓಡಿಸಬೇಕು, ನಿಲ್ಲಿಸಬೇಕು, ಮೆತ್ತಗೆ ಬಿಡಬೇಕು, ಮತ್ತೆ ನಿಲ್ಲಿಸಬೇಕು. ಅವಸರ ಮಾಡಿದರೆ ಹೊಸ ಕ್ಲಚ್ಚೂ ಹಳೆಯದರ ದಾರಿ ಹಿಡಿಯುತ್ತದೆ. ನನಗೆ ನಗು ತಡೆಯಲಾಗಲಿಲ್ಲ. ಹೊಸ ಕಬ್ಬಿಣದ ಕಾವಲಿ ತಂದರೆ ನಾವೂ ಹೀಗೇ ತಾನೇ, ಎಣ್ಣೆ ಸವರಿ, ಸಣ್ಣ ಉರಿಯಲ್ಲಿ ಕಾಯಿಸಿ ಆರಿಸಿ, ಮೊದಲ ದೋಸೆಗಳನ್ನೆಲ್ಲ ಕಾಗೆಗೆ ಹಾಕಿ ಪಳಗಿಸುವುದು ಅಂದೆ. ಮಾಲೀಕರು, ಅದೇ ಮೇಡಂ, ಕರೆಕ್ಟ್ ಅಂದರು. ನನ್ನ ಗಂಡ ಕಾಫಿ ಲೋಟದೊಳಗೆ ನೋಡುತ್ತಾ ಕೂತರು. ಹೊರದೇಶದಿಂದ ಬಂದ ಕ್ಲಚ್ಚನ್ನು ನಾನು ದೋಸೆ ಕಾವಲಿಗೆ ಹೋಲಿಸಿದ್ದು ಅವರಿಗೆ ಸಹಿಸಲಾಗಲಿಲ್ಲ.

ಮೆಲ್ಲಗೆ ಓಡಿಸುವುದು ಅವರಿಂದ ಆಗಲಿಲ್ಲ. ನಾನು ಉಪ್ಪು ಖಾರ ಹಚ್ಚಿ ಹೇಳುತ್ತಿಲ್ಲ, ಕಣ್ಣಾರೆ ಕಂಡಿದ್ದು. ಮೊದಲ ದಿನ ಆಫೀಸಿಗೆ ಹೊರಟರು. ಕ್ಲಚ್ ಕಲ್ಲಿನ ಹಾಗೆ ಗಟ್ಟಿ, ತುಳಿದರೆ ತೊಡೆ ನಡುಗುವಂಥದ್ದು. ಹಿಡಿದರೆ ಗಬಕ್ಕನೆ ಹಿಡಿಯುತ್ತದೆ. ಗೇಟಿನಲ್ಲೇ ಆಫ್, ರಸ್ತೆ ತಿರುವಿನಲ್ಲಿ ಆಫ್. ಅದನ್ನಾದರೂ ನುಂಗಿಕೊಳ್ಳುತ್ತಿದ್ದರು, ನಿಧಾನ ಹೋಗುವುದನ್ನು ನುಂಗಲಾಗಲಿಲ್ಲ. ಒಂದು ಸಿಟಿ ಬಸ್ಸು ಹಿಂದೆ ಹಾಕಿತಂತೆ. ಒಂದು ಲಗೇಜ್ ಆಟೋ, ಅದೂ ಮೇಲೆ ಬೀರು ಹೇರಿಕೊಂಡಿದ್ದದ್ದು, ಹಾರ್ನ್ ಹೊಡೆದು ಮುಂದೆ ಹೋಯಿತಂತೆ. ಗುಂಪಿನ ಒಬ್ಬ ಡಾಕ್ಟರು ಸಿಗ್ನಲ್‌ನಲ್ಲಿ ಪಕ್ಕಕ್ಕೆ ಬಂದು ಗುರ್ ಗುರ್ ಅನ್ನಿಸಿ ಕರೆದಾಗ, ಇವರು ಮೊಬೈಲ್ ನೋಡುವವರ ಹಾಗೆ ತಲೆ ತಗ್ಗಿಸಿ ಕೂತಿದ್ದರಂತೆ. ಇದನ್ನೆಲ್ಲ ರಾತ್ರಿ ಊಟಕ್ಕೆ ಕೂತಾಗ ಹೇಳಿದರು, ಯಾರೋ ಸತ್ತ ಸುದ್ದಿ ಹೇಳುವ ಧ್ವನಿಯಲ್ಲಿ. ಮೂರನೇ ದಿನಕ್ಕೆ ಕಾರು ಮನೆಯಲ್ಲೇ ಉಳಿಯಿತು. ಅವರು ಸಹೋದ್ಯೋಗಿಯ ಸ್ಕೂಟರಿನ ಹಿಂದೆ ಕೂತು ಹೋದರು.

ಒಂದು ವಾರ ಕಾರು ಹೊದಿಕೆ ಹೊದ್ದು ನಿಂತಿತ್ತು. ಪಳಗಿಸದೆ ಎಗರಿಸುವ ಹಾಗಿಲ್ಲ, ಎಗರಿಸದೆ ಓಡಿಸುವ ಮನಸ್ಸಿಲ್ಲ. ಕೊನೆಗೆ ಒಂದು ಸಂಜೆ ಅತ್ತೆ ಸೊಪ್ಪು ಬಿಡಿಸುತ್ತಾ, ತಲೆ ಎತ್ತದೆ ಹೇಳಿದರು: “ಅವಳ್ಗೆ ಕೊಟ್ಬುಡು. ಪಳಗ್ಸೋ ಕೆಲ್ಸ ಎಲ್ಲಾ ಅವಳೇ ತಾನೆ ಮಾಡೋದು ಈ ಮನೇಲಿ.”

ನನ್ನ ಗಂಡ ಬಹಳ ಹೊತ್ತು ಯೋಚಿಸಿದರು. ಯೋಚಿಸಿ ಒಂದು ದಾರಿ ಕಂಡುಕೊಂಡರು. ವೇಗವಾಗಿ ಓಡಿಸುವುದು ಕಲೆ, ನಿಧಾನವಾಗಿ ಓಡಿಸುವುದು ಯಾರಿಗೆ ಬೇಕಾದರೂ ಬರುತ್ತದೆ, ಅದು ಬರೀ ಚಾಕರಿ, ಆದ್ದರಿಂದ ಅದನ್ನು ನನಗೆ ವಹಿಸಿದರೆ ಹಳೇ ತೀರ್ಪಿಗೆ ಧಕ್ಕೆ ಇಲ್ಲ. ಹೀಗಂತ ನನ್ನೆದುರಿಗೇ ಹೇಳಿದರು. ಕೀ ಸಿಗುತ್ತದೆ ಎಂಬ ಸಂಭ್ರಮದಲ್ಲಿ ನಾನು ಸಿಟ್ಟು ಮಾಡಿಕೊಳ್ಳುವುದನ್ನೂ ಮರೆತೆ. ಕೀ ಕೊಡುವಾಗ ನೂರೆಂಟು ನಿಬಂಧನೆ. ಹಾಡು ಹಾಕಬಾರದು, ಗುಂಪಿನವರು ಓಡಾಡುವ ರಸ್ತೆಗೆ ಹೋಗಬಾರದು, ಸೀಟನ್ನು ಹಿಂದೆ ಮುಂದೆ ಸರಿಸಬಾರದು. ನಾನು ಅವರ ಭುಜಕ್ಕೆ ಬರುತ್ತೇನೆ. ಆ ಸೀಟಿನಲ್ಲಿ ಕೂತರೆ ನನ್ನ ಕಾಲು ಕ್ಲಚ್ಚಿಗೆ ನಮಸ್ಕಾರ ಹೇಳಬಹುದು, ಅಷ್ಟೇ. ಅವರು ಸ್ಕೂಟರ್ ಹತ್ತಿ ಹೋದ ಮೇಲೆ ನಾನು ಮಾಡಿದ ಮೊದಲ ಕೆಲಸ ಸೀಟನ್ನು ಮುಂದಕ್ಕೆ ಎಳೆದುಕೊಂಡಿದ್ದು.

ಮೊದಲ ದಿನ ಹಿಂದಿನ ಸೀಟಿನಲ್ಲಿ ಅತ್ತೆ ಜಪಸರ ಹಿಡಿದು ಕೂತರು. ಬೇಡ ಅಂದರೂ ಕೇಳಲಿಲ್ಲ, ಸತ್ತರೆ ಇಬ್ಬರೂ ಒಟ್ಟಿಗೆ ಹೋಗೋಣ, ಅವನಿಗೆ ಅಡುಗೆ ಮಾಡಿಕೊಳ್ಳುವುದು ಗೊತ್ತಾಗಲಿ ಅಂದರು. ನಮ್ಮ ಬೀದಿ ದಾಟುವುದರೊಳಗೆ ಎಷ್ಟು ಸಲ ಆಫ್ ಆಯಿತೋ ದೇವರಿಗೇ ಗೊತ್ತು. ರಿಂಗ್ ರೋಡಿನ ಸಿಗ್ನಲ್‌ನಲ್ಲಿ ಹಸಿರು ಬಿದ್ದು ಕೆಂಪಾಗಿ ಮತ್ತೆ ಹಸಿರಾದರೂ ನಾವು ಅಲ್ಲೇ. ಹಿಂದಿನಿಂದ ಹಾರ್ನುಗಳ ಮೇಳ. ನನ್ನ ಕೈ ಬೆವೆತು ಸ್ಟೀರಿಂಗ್ ಜಾರುತ್ತಿತ್ತು, ಕಣ್ಣಲ್ಲಿ ನೀರು ತುಂಬಿತ್ತು. ಪಕ್ಕದ ಆಟೋದವರು ಕತ್ತು ಹೊರಗೆ ಹಾಕಿ, ಅಕ್ಕ, ಮೆತ್ತಗೆ ಬುಡಿ ಅಕ್ಕ ಅಂದರು. ಅತ್ತೆ ಕಿಟಕಿ ಇಳಿಸಿ ತಣ್ಣಗೆ, ಹೊಸ ಕ್ಲಚ್ ಕಣಪ್ಪ, ಪಳಗಿಸುತ್ತಾ ಇದ್ದೇವೆ, ನೀನು ಮುಂದೆ ಹೋಗು ಅಂದರು. ನಮಗೇನೋ ಸರ್ಕಾರದಿಂದ ಆರ್ಡರ್ ಆಗಿದೆ ಅನ್ನುವ ಹಾಗಿತ್ತು ಅವರ ಗತ್ತು. ಆ ಗತ್ತು ಕೇಳಿ ನನಗೂ ಸ್ವಲ್ಪ ಧೈರ್ಯ ಬಂತು. ಕಾಲನ್ನು ಒಂದೊಂದೇ ಎಳೆಯಷ್ಟು ಎತ್ತುತ್ತಾ ಬಂದೆ, ಎಲ್ಲೋ ಒಂದು ಕಡೆ ಗಾಡಿ ಮೈ ಬಿಗಿ ಹಿಡಿದದ್ದು ಕಾಲಿಗೆ ಗೊತ್ತಾಯಿತು, ಅಲ್ಲೇ ಕಾಲು ತಡೆದು ಹಿಡಿದೆ. ಗಾಡಿ ಹೊರಟಿತು.

ಆ ಜಾಗ ಸಿಕ್ಕಿಬಿಟ್ಟರೆ ಮುಗಿಯಿತು. ಮಿಕ್ಕಿದ್ದೆಲ್ಲ ಬರೀ ತಾಳ್ಮೆ. ತಾಳ್ಮೆ ನನ್ನ ಹತ್ತಿರ ಬೇಕಾದಷ್ಟಿತ್ತು, ಖರ್ಚು ಮಾಡಲು ಒಳ್ಳೆ ಜಾಗ ಸಿಕ್ಕಿರಲಿಲ್ಲ ಅಷ್ಟೇ. ರಾತ್ರಿ ತೊಡೆ ಸಿಡಿಯುತ್ತಿತ್ತು. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ನೋವಿನ ಎಣ್ಣೆ ತಿಕ್ಕಿಕೊಳ್ಳುತ್ತಿದ್ದೆ. ವಾಸನೆ ಬಂದು ಇವರು ಕೇಳಿದರೆ ಅತ್ತೆಯ ಮಂಡಿಗೆ ಅಂತ ಸುಳ್ಳು ಹೇಳುತ್ತಿದ್ದೆ. ಅತ್ತೆಯೂ ಅಲ್ಲೇ ಕೂತು ಮಂಡಿ ಒತ್ತಿಕೊಂಡು ಅಯ್ಯಪ್ಪಾ ಅನ್ನುತ್ತಿದ್ದರು. ಕಾಲು ನೋವು ಅಂತ ಗೊತ್ತಾದರೆ ಕೀ ಹೋಯಿತು ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಊರೊಳಗೆ ನಿಂತು ನಿಂತು ಹೋಗುವ ಗಾಡಿ ಇದೆ ಅನ್ನುವುದು ಚರ್ಚಿನ ಹೆಂಗಸರಿಗೆ ತಿಳಿಯಲು ಹೊತ್ತು ಹಿಡಿಯಲಿಲ್ಲ. ಪೀಠಕ್ಕೆ ಹೂವು ತರಬೇಕೆ? ನಮ್ಮ ಕಾರು. ಗಾಯನದವರು ಪ್ರಾಕ್ಟೀಸಿಗೆ ಬರಬೇಕೆ? ನಮ್ಮ ಕಾರು. ಅಗ್ರಹಾರದ ಆ ಒಂದೇ ಅಂಗಡಿಯ ಕಾಫಿಪುಡಿಯೇ ಆಗಬೇಕು ಅನ್ನುವ ಅತ್ತೆಗೆ ವಾರಕ್ಕೆ ಎರಡು ಸಲ ಪುಡಿ ಮುಗಿಯತೊಡಗಿತು. ಗಂಟೆಗೆ ಇನ್ನೂರು ದಾಟಲೆಂದು ಹೊರದೇಶದ ಕ್ಲಚ್ ಹಾಕಿಸಿಕೊಂಡ ಗಾಡಿಯ ಡಿಕ್ಕಿಯಲ್ಲಿ ಸುಗಂಧರಾಜದ ಬುಟ್ಟಿ, ಹಿಂದಿನ ಸೀಟಿನಲ್ಲಿ ಮೂವರು ಅಜ್ಜಿಯರು. ಅದರ ಸೈಲೆನ್ಸರ್ ಬೇರೆ ಇವರು ಬದಲಾಯಿಸಿದ್ದರು, ಆಕ್ಸಿಲರೇಟರಿನಿಂದ ಕಾಲು ತೆಗೆದಾಗಲೆಲ್ಲ ಪಟಾಕಿ ಸಿಡಿದ ಸದ್ದು. ಚರ್ಚಿನ ಮುಂದೆ ನಿಲ್ಲಿಸುವಾಗ ಎರಡು ಸಿಡಿಯಿತು ಅಂದರೆ ಫಾದರ್ ಕಿಟಕಿಯಿಂದ ಇಣುಕಿ ನೋಡಿ ಒಳಗೆ ಹೋಗುತ್ತಿದ್ದರು. ಹಳೇ ಓಣಿಗಳಲ್ಲಿ ಎದುರಿಗೆ ಹಸು ಬಂದರೆ ನಿಲ್ಲುತ್ತಿದ್ದೆ. ಹಸುವಿಗಿಂತ ಒಳ್ಳೆಯ ಗುರು ಕ್ಲಚ್ಚಿಗೆ ಇನ್ನೊಂದಿಲ್ಲ.

ಒಂದು ಮಧ್ಯಾಹ್ನ ಕ್ಲಾಸು ಮುಗಿಸಿ ಒಬ್ಬಳೇ ಬರುತ್ತಿದ್ದೆ. ಸರಸ್ವತಿಪುರಂನ ಮರಗಳ ನೆರಳು, ರಸ್ತೆ ಖಾಲಿ. ಗೇರನ್ನು ಎರಡರಿಂದ ಮೂರಕ್ಕೆ ಹಾಕಿದೆ. ಹಾಕಿದ್ದು ಗೊತ್ತೇ ಆಗಲಿಲ್ಲ, ಗಾಡಿ ತಲೆ ಅಲ್ಲಾಡಿಸಲಿಲ್ಲ, ಉಸಿರು ತೆಗೆದುಕೊಂಡಷ್ಟು ಸಲೀಸು. ನನಗೆ ಎಷ್ಟು ಖುಷಿಯಾಯಿತು ಅಂದರೆ ಪಕ್ಕಕ್ಕೆ ನಿಲ್ಲಿಸಿ ಒಬ್ಬಳೇ ನಕ್ಕೆ. ಬೇಕಂತಲೇ ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಿ, ಮತ್ತೊಂದು ಸಲ ಅದೇ ರಸ್ತೆಯಲ್ಲಿ ಹೋಗಿ ಬಂದೆ. ಮದುವೆ, ಮಗಳು, ಕೆಲಸ ಎಲ್ಲದರಲ್ಲೂ ಸಂತೋಷ ಕಂಡವಳೇ ನಾನು. ಆದರೆ ಯಾರಿಗೂ ಪಾಲು ಕೊಡಬೇಕಿಲ್ಲದ ಸಂತೋಷ ಇದೊಂದೇ.

ಇವರು ದಿನಾ ಸಂಜೆ ಬಂದವರೇ ಚಪ್ಪಲಿ ಬಿಡುವ ಮುಂಚೆ ಕಾರಿನೊಳಗೆ ತಲೆ ಹಾಕಿ ಮೀಟರ್ ನೋಡುತ್ತಿದ್ದರು. ಮುನ್ನೂರು ಆಯಿತು, ಐನೂರು ಆಯಿತು. ಅವರ ಮುಖ ಅರಳುತ್ತಾ ಬಂದ ಹಾಗೆ ನಾನು ಮಿಕ್ಕ ಕಿಲೋಮೀಟರುಗಳ ಲೆಕ್ಕ ಹಾಕತೊಡಗಿದೆ. ಸಾವಿರ ಆದ ದಿನ ಗಾಡಿ ಅವರದು, ಬಸ್‌ಸ್ಟಾಪು ನನ್ನದು. ಅದಕ್ಕೆ ನಾನೊಂದು ಉಪಾಯ ಮಾಡಿದೆ. ಎಂಟುನೂರು ದಾಟಿದ ಮೇಲೆ ಮಾರ್ಕೆಟ್ಟಿಗೆ ನಡೆದುಕೊಂಡು ಹೋಗತೊಡಗಿದೆ. ಕಾರು ಓಡಿಸುವ ಆಸೆಗೆ ಕಾರು ಬಿಟ್ಟು ನಡೆದವಳು ಈ ಮೈಸೂರಿನಲ್ಲಿ ನಾನೊಬ್ಬಳೇ ಇರಬೇಕು. ಚರ್ಚಿನ ಹೆಂಗಸರಿಗೆ ಕಾರಿಗೆ ಮೈ ಹುಷಾರಿಲ್ಲ ಅಂದೆ. ಇವತ್ತು ಬರೀ ನಾಲ್ಕು ಕಿಲೋಮೀಟರಾ ಅಂತ ಇವರು ಕೇಳಿದರೆ, ಬಿಸಿಲು ಜಾಸ್ತಿ, ಪಳಗುವ ಕ್ಲಚ್ಚಿಗೆ ಬಿಸಿಲು ಒಳ್ಳೆಯದಲ್ಲ ಅಂದೆ. ನಂಬಿದರು. ಮಾರನೇ ದಿನ ಫೋನಿನಲ್ಲಿ ಗುಂಪಿನ ಯಾರಿಗೋ ಅದನ್ನೇ ತಮ್ಮ ಅನುಭವ ಅಂತ ಹೇಳುತ್ತಿದ್ದರು.

ಎಷ್ಟು ದಿನ ಹೀಗೆ ಕಳ್ಳಾಟ ಆಡುವುದು ಅನ್ನಿಸಿ, ಒಂದು ರಾತ್ರಿ ನೇರವಾಗಿ ಕೇಳಿಯೇಬಿಟ್ಟೆ. ಭಾನುವಾರ ನಿಮ್ಮದು, ಬೇಡ ಅನ್ನುವುದಿಲ್ಲ. ವಾರದ ದಿನಗಳಲ್ಲಿ ನಿಮಗೆ ಹೇಗೂ ಸ್ಕೂಟರಿನಲ್ಲಿ ಹೋಗುವುದು ಅಭ್ಯಾಸವಾಗಿದೆ, ಕ್ಲಾಸಿಗೆ ನಾನು ತೆಗೆದುಕೊಂಡು ಹೋಗಲಾ ಅಂದೆ. ಸಿಟ್ಟು ಮಾಡಿಕೊಂಡಿದ್ದರೆ ಜಗಳ ಆಡಬಹುದಿತ್ತು. ಅವರು ನಕ್ಕರು. “ಪಳಗಿದ್ಮೇಲೂ ನಿನ್ ಕಾಲಿಗೇ ಕೊಟ್ರೆ, ಪಳಗಿಸಿದ್ದೆಲ್ಲಾ ದಂಡ ಅಲ್ವೇನೇ?” ಅಂದು ದೀಪ ಆರಿಸಿ ಮಲಗಿದರು. ಪಳಗಿಸಿದ್ದು ಯಾರು ಅಂತ ಕೇಳಬೇಕಿತ್ತು. ಕೇಳದೆ ಮಗ್ಗುಲಾಗಿ ಮಲಗಿದೆ.

ಸಾವಿರ ಆಯಿತು. ಆ ಶನಿವಾರ ಸಂಜೆ ಕೀ ತೆಗೆದುಕೊಂಡು ತಮ್ಮ ಜೇಬಿಗೆ ಹಾಕಿಕೊಂಡರು. ಗುಂಪಿಗೆಲ್ಲ ಫೋನು ಹೋಯಿತು. ಭಾನುವಾರ ಬೆಟ್ಟದ ಮೇಲೆ, ಊರು ಕಾಣುವ ಜಾಗದಲ್ಲಿ, ಎಲ್ಲರೂ ಸೇರುವುದು. ಹೊಸ ಕ್ಲಚ್ ಹಾಕಿದ ಗಾಡಿ ಏರು ಹತ್ತಿ ಬರುವುದನ್ನು ಅವರು ನೋಡಬೇಕು. ಆ ಸಂಭ್ರಮಕ್ಕೆ ನಾವೂ ಬರಬೇಕಂತೆ. ಅವತ್ತು ಬೆಳಗಿನ ಪೂಜೆಗೂ ನಮ್ಮ ಜೊತೆ ಬಂದರು, ಮಂಡಿಯೂರಿ ಪ್ರಾರ್ಥನೆ ಮಾಡಿದರು. ಕ್ಲಚ್ಚಿಗೋಸ್ಕರವೇ ಇರಬೇಕು. ಚರ್ಚಿನಿಂದ ಹೊರಗೆ ಬಂದು ಅವರು ಸೀಟನ್ನು ಇನ್ನೊಂದಿಷ್ಟು ಹಿಂದಕ್ಕೆ ಸರಿಸಿ ಕೂತರು, ನಾನು ಎಡಗಡೆ ಕೂತೆ, ಅತ್ತೆ ಹಿಂದೆ. ಊರೊಳಗೆ ಹೇಗೋ ಬಂದರು. ಸಿಗ್ನಲ್ ಸಿಕ್ಕಿದಾಗಲೆಲ್ಲ ಗಾಡಿ ಎರಡು ಸಲ ತೊಡರಿ ಹೊರಟಿತು. ಸೀಟು ನೀನು ಹಾಳು ಮಾಡಿದ್ದೀಯ ಅಂದರು. ನಾನು ಹೊರಗೆ ನೋಡುತ್ತಾ ಕೂತೆ.

ಬೆಟ್ಟದ ಏರಿನಲ್ಲಿ, ಒಂದು ತಿರುವಿನ ಹತ್ತಿರ, ಮುಂದೆ ಹೋಗುತ್ತಿದ್ದ ಬಸ್ಸು ನಿಂತಿತು. ನಾವೂ ನಿಂತೆವು. ಬಸ್ಸು ಹೊರಟಿತು. ಇವರು ಕ್ಲಚ್ ಬಿಟ್ಟರು, ಗಾಡಿ ಹಾರಿ ಆಫ್ ಆಯಿತು. ಮತ್ತೆ ಸ್ಟಾರ್ಟ್ ಮಾಡಿದರು, ಮತ್ತೆ ಆಫ್. ಹಿಂದೆ ಸಾಲು ಬೆಳೆಯಿತು. ಆ ಸಾಲಿನಲ್ಲೇ ಗುಂಪಿನ ಡಾಕ್ಟರ ಕಾರೂ ಇತ್ತು, ಅದರ ಹಾರ್ನು ಇವರಿಗೆ ಚೆನ್ನಾಗಿ ಗೊತ್ತು. ಮೂರನೇ ಸಲ ಆಫ್ ಆದಾಗ ಗಾಡಿ ಹಿಂದಕ್ಕೆ ಜಾರತೊಡಗಿತು. ನಾನು ಕೈ ಚಾಚಿ ಹ್ಯಾಂಡ್ ಬ್ರೇಕ್ ಎಳೆದೆ. ಗಾಡಿ ನಿಂತಿತು. ಇವರ ಕಿವಿ ಕೆಂಪಗಾಗಿತ್ತು, ಕತ್ತಿನಲ್ಲಿ ಬೆವರು ಇಳಿಯುತ್ತಿತ್ತು. ನೋಡಿ ನನಗೆ ನಿಜವಾಗಲೂ ಅಯ್ಯೋ ಅನ್ನಿಸಿತು. ಇವರು ಈ ಕ್ಲಚ್ಚಿನ ಜೊತೆ ಮೂರು ದಿನ ಕೂಡ ಬಾಳಿದವರಲ್ಲ. ಅದು ಎಲ್ಲಿ ಹಿಡಿಯುತ್ತದೆ ಅಂತ ಇವರಿಗೆ ಹೇಗೆ ಗೊತ್ತಾಗಬೇಕು?

ನಾನು ಆ ಕಡೆ ಬರಲಾ ಅಂತ ಕೇಳಿದೆ. ಅವರು ಜೇಬಿನಿಂದ ಮೊಬೈಲ್ ತೆಗೆದು ಕಿವಿಗಿಟ್ಟುಕೊಂಡು, ಹಲೋ, ಹೇಳಿ ಸಾರ್ ಅನ್ನುತ್ತಾ ಬಾಗಿಲು ತೆಗೆದು ಇಳಿದರು. ಫೋನು ರಿಂಗಾಗಿರಲಿಲ್ಲ. ಎಡಗಡೆಗೆ ಬಂದು ನಿಂತು ನನಗೆ ಇಳಿಯುವಂತೆ ಕೈ ಮಾಡಿದರು. ಮುಖ್ಯವಾದ ಕರೆ ಬಂದದ್ದರಿಂದ ಸ್ಟೀರಿಂಗ್ ಬಿಟ್ಟುಕೊಟ್ಟೆ ಅಂತ ಹಿಂದಿನ ಸಾಲಿಗೆಲ್ಲ ತಿಳಿಯಬೇಕಲ್ಲ? ನಾನು ಸುತ್ತಿ ಬಂದು ಕೂತೆ. ಸೀಟು ಮುಂದಕ್ಕೆ ಎಳೆದುಕೊಂಡು ಸ್ಟಾರ್ಟ್ ಮಾಡಿದೆ. ಕ್ಲಚ್ ಎತ್ತುತ್ತಾ ಆ ಜಾಗಕ್ಕೆ ತಂದು ತಡೆದು, ಹ್ಯಾಂಡ್ ಬ್ರೇಕ್ ಇಳಿಸಿದೆ. ಒಂದು ಅಂಗುಲವೂ ಹಿಂದೆ ಹೋಗದೆ ಗಾಡಿ ಏರು ಹತ್ತಿತು. ಇವರು ಪಕ್ಕದಲ್ಲಿ ಮುಂದಿನ ತಿರುವಿನವರೆಗೂ ಇಲ್ಲದ ಸಾರ್ ಜೊತೆ ಮಾತಾಡುತ್ತಲೇ ಇದ್ದರು. ಆಮೇಲೆ ಫೋನು ಜೇಬಿಗಿಟ್ಟರು. ಎರಡು, ಮೂರು, ಮತ್ತೆ ಎರಡು. ನನ್ನ ಕೈ ಗೇರಿನ ಮೇಲೆ ಹೋದಾಗಲೆಲ್ಲ ಅವರು ಅದನ್ನೇ ನೋಡುತ್ತಿದ್ದರು. ಒಂದು ಮಾತು ಆಡಿಯಾರು ಅಂತ ಕಾದೆ. ಚೆನ್ನಾಗಿ ಓಡಿಸುತ್ತೀಯ ಅಂದಿದ್ದರೆ ಸಾಕಿತ್ತು. ಅಷ್ಟು ಅಂದಿದ್ದರೆ ಆ ಕ್ಷಣವೇ ಕೀ ಅವರ ಕೈಗೆ ಕೊಟ್ಟು ಸೋಮವಾರ ಬಸ್ಸಿಗೆ ಹೋಗುತ್ತಿದ್ದೆನೋ ಏನೋ.

ಮೇಲೆ ಗುಂಪು ನಿಂತಿತ್ತು. ನಿಲ್ಲಿಸಿದೆ. ಇವರು ಸರಕ್ಕನೆ ಇಳಿದು, ಪ್ಯಾಂಟು ಮೇಲಕ್ಕೆಳೆದುಕೊಂಡು, ಹೊಟ್ಟೆ ಒಳಗೆಳೆದುಕೊಂಡು ಅವರ ಕಡೆ ನಡೆದರು. ನನ್ನ ಕಿಟಕಿ ತೆರೆದಿತ್ತು. ಸ್ಟೀರಿಂಗ್ ಹಿಂದೆ ನಾನಿರುವುದನ್ನು ಕಂಡು ಯಾರೋ ಏನೋ ಕೇಳಿದರು, ಏನಂತ ಕೇಳಿಸಲಿಲ್ಲ. ಇವರ ಉತ್ತರ ಮಾತ್ರ ಸ್ಪಷ್ಟವಾಗಿ ಕೇಳಿಸಿತು.

“ಸಾವಿರ ಕಿಲೋಮೀಟ್ರು ಕೂತು ನಾನೇ ಪಳಗಿಸಿದ್ದು, ಈಗ ಬೆಣ್ಣೆ ಥರ ಇದೆ. ಪಾಪ, ಇವಳಿಗೂ ಆಸೆ, ಇವತ್ತು ಮೊದಲ್ನೇ ಸಲ ಕೊಟ್ಟೆ.”

ಎಲ್ಲರೂ ನನ್ನ ಕಡೆ ತಿರುಗಿ ಒಳ್ಳೆಯದಾಗಲಿ ಅನ್ನುವ ಹಾಗೆ ನಕ್ಕರು. ಒಬ್ಬರು ಹೆಬ್ಬೆರಳು ಎತ್ತಿ ತೋರಿಸಿದರು. ನನಗೆ ಬಂದದ್ದು ಸಿಟ್ಟೋ ದುಃಖವೋ ಬೇರೆ ಮಾಡಿ ನೋಡಲಾಗಲಿಲ್ಲ. ಕೈ ಸ್ಟೀರಿಂಗ್ ಮೇಲೇ ಇತ್ತು. ಇಂಜಿನ್ ಇನ್ನೂ ಆಫ್ ಮಾಡಿರಲಿಲ್ಲ.

ಇಳಿಯಲೆಂದು ಬಾಗಿಲು ತೆಗೆದು ಒಂದು ಕಾಲು ನೆಲಕ್ಕಿಟ್ಟಿದ್ದ ಅತ್ತೆ ಹಾಗೇ ಕೂತಿದ್ದರು. ಅವರಿಗೂ ಕೇಳಿಸಿತ್ತು. ಮಗನ ಬೆನ್ನನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಆ ಕಾಲನ್ನು ಎರಡು ಕೈಯಲ್ಲಿ ಹಿಡಿದು ಒಳಗೆ ಎಳೆದುಕೊಂಡು ಬಾಗಿಲು ಹಾಕಿಕೊಂಡರು.

“ನಡಿಯಮ್ಮ,” ಅಂದರು. “ಅವ್ನು ಅವ್ರ ಜೊತೆ ಬತ್ತಾನೆ ಬುಡು.”

ನಾನು ಗಾಡಿ ತಿರುಗಿಸಿದೆ.